ಬೆಳಕು ಹೀರಿದ ತಾಮ್ರದ ಆಕಾರ: ಫಿನಾಂತ್ರೊಲಿನ್ ಸಂಕೀರ್ಣಗಳ ದ್ಯುತಿ ಮತ್ತು ರೆಡಾಕ್ಸ್ ವರ್ತನೆ

ತಾಮ್ರದ ಸಂಕೀರ್ಣಗಳನ್ನು ರುಥೇನಿಯಂಗೆ ಅಗ್ಗದ ಬದಲಿ ಎಂದು ಪರಿಚಯಿಸುವುದು ವಾಡಿಕೆ. ಬೆಲೆಯ ಮಟ್ಟಿಗೆ ಅದು ಸರಿಯೇ. ಆದರೆ ರುಥೇನಿಯಂ ಟ್ರಿಸ್‌ಬೈಪಿರಿಡಿನ್ ಬೆಳಕು ಹೀರಿದ ಮೇಲೂ ಹೆಚ್ಚುಕಡಿಮೆ ಅದೇ ಅಷ್ಟಮುಖಿಯಾಗಿ ಉಳಿಯುತ್ತದೆ, ತಾಮ್ರ ಉಳಿಯದು. ಅದರ ದ್ಯುತಿವರ್ತನೆ, ರೆಡಾಕ್ಸ್ ವಿಭವ ಎರಡನ್ನೂ ಆಳುವುದು ಆಕಾರ ಎಂಬುದು ಈ ಲೇಖನದ ವಾದ.

ತಾಮ್ರ(1)ರ ಡಿ-ಕಕ್ಷಕಗಳಲ್ಲಿ 10 ಎಲೆಕ್ಟ್ರಾನುಗಳು ತುಂಬಿವೆ, ಹಾಗಾಗಿ ಎರಡು ಫಿನಾಂತ್ರೊಲಿನ್‌ಗಳು ಚತುರ್ಮುಖಿಯಾಗಿ, ಒಂದಕ್ಕೊಂದು ಅಡ್ಡಲಾಗಿ ಕೂರುತ್ತವೆ. ಸುಮಾರು 450 ನ್ಯಾನೋಮೀಟರಿನ ನೀಲಿ ಬೆಳಕು ಬಿದ್ದೊಡನೆ ಲೋಹದ ಒಂದು ಎಲೆಕ್ಟ್ರಾನ್ ಲಿಗ್ಯಾಂಡಿಗೆ ಜಿಗಿಯುತ್ತದೆ. ಉಳಿದ 9 ಎಲೆಕ್ಟ್ರಾನುಗಳ ಲೋಹ ತಾಮ್ರ(2)ರಂತೆ ಚಪ್ಪಟೆಯಾಗಲು ಹವಣಿಸುತ್ತದೆ. ಜಪಾನಿನ ತಾಹಾರಾ ತಂಡ 2007ರಲ್ಲಿ ಅಳೆದಂತೆ ಡೈಮೀಥೈಲ್ ಫಿನಾಂತ್ರೊಲಿನ್ ಸಂಕೀರ್ಣದಲ್ಲಿ ಈ ಬದಲಾವಣೆಗೆ ಒಂದು ಪಿಕೋಸೆಕೆಂಡೂ ಬೇಡ. ಚಪ್ಪಟೆಯಾದ ಲೋಹಕ್ಕೆ ಐದನೆಯ ಕೈ ಚಾಚಲು ಜಾಗ ಸಿಗುತ್ತದೆ. ದ್ರಾವಕದ ಅಣು ಬಂದು ಅಂಟಿದರೆ ಹೀರಿದ ಶಕ್ತಿಯೆಲ್ಲ ಶಾಖವಾಗಿ ಸೋರುತ್ತದೆ.

ಸಾರಜನಕದ ಪಕ್ಕದ 2, 9ನೇ ಸ್ಥಾನಗಳಲ್ಲಿ ಮೀಥೈಲ್ ಗುಂಪು ಕೂರಿಸಿದರೆ ಅದು ಬೆಣೆಯಂತೆ ನಿಂತು, ಪೂರ್ತಿ ಚಪ್ಪಟೆಯಾಗುವುದನ್ನು ತಡೆಯುತ್ತದೆ. ಬರಿಯ ಫಿನಾಂತ್ರೊಲಿನ್ ಸಂಕೀರ್ಣದ ಉದ್ರಿಕ್ತ ಸ್ಥಿತಿ ಒಂದು ನ್ಯಾನೋಸೆಕೆಂಡಿನ ಸಣ್ಣ ಪಾಲಷ್ಟೇ ಬಾಳುತ್ತದೆ. ಮೀಥೈಲ್ ಇದ್ದದ್ದು ಡೈಕ್ಲೋರೋಮೀಥೇನಿನಲ್ಲಿ ಸುಮಾರು 90 ನ್ಯಾನೋಸೆಕೆಂಡು ಉಳಿಯುತ್ತದೆ. ಲೋಹಕ್ಕೆ ಅಂಟಬಲ್ಲ ಅಸಿಟೋನೈಟ್ರೈಲಿನಲ್ಲಿ ಮಾತ್ರ ಎರಡರ ಆಸುಪಾಸಿಗೆ ಕುಸಿಯುತ್ತದೆ. ಅದೇ ಮೀಥೈಲ್ ನೀರಿನಲ್ಲಿ ರೆಡಾಕ್ಸ್ ವಿಭವವನ್ನು 0.17ರಿಂದ 0.59 ವೋಲ್ಟಿಗೆ ಏರಿಸುತ್ತದೆ. ತಾಮ್ರ(2)ಕ್ಕೆ ಬೇಕಾದ ಆಕಾರ ಸಿಗದೆ ಉತ್ಕರ್ಷಣ ಕಷ್ಟವಾಗುತ್ತದೆ, ಅಷ್ಟೆ. ಪರ್ಡ್ಯೂ ವಿಶ್ವವಿದ್ಯಾಲಯದ ಡೇವಿಡ್ ಮ್ಯಾಕ್‌ಮಿಲಿನ್ ತಂಡ ಬೆಳಕಿನಿಂದ ಎಲೆಕ್ಟ್ರಾನ್ ವರ್ಗಾವಣೆಯನ್ನು 1977ರಲ್ಲಿ ವರದಿ ಮಾಡಿದ್ದು ಇದೇ ಮೀಥೈಲ್ ಸಂಕೀರ್ಣದಲ್ಲಿ.

ತಾಮ್ರ(2) ಕೂಡ ಬೆಳಕಿಗೆ ಸ್ಪಂದಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಚಕ್ರವರ್ತಿ ಅವರ ತಂಡ ಗಂಧಕಯುಕ್ತ ಲಿಗ್ಯಾಂಡುಗಳ ತಾಮ್ರ(2) ಸಂಕೀರ್ಣಗಳು ಕೆಂಪು ಬೆಳಕಿನಲ್ಲಿ ಡಿಎನ್‌ಎ ಕತ್ತರಿಸುವುದನ್ನು 2003ರಲ್ಲಿ ತೋರಿಸಿತು. ಅಂಗಾಂಶದೊಳಕ್ಕೆ ನೀಲಿಗಿಂತ ಕೆಂಪು ಬೆಳಕೇ ಆಳಕ್ಕಿಳಿಯುವುದರಿಂದ ಇದು ಬರಿಯ ಪ್ರಯೋಗಾಲಯದ ಕುತೂಹಲವಲ್ಲ.

ಬಣ್ಣ-ಸಂವೇದಿತ ಸೌರಕೋಶಗಳಲ್ಲಿ ತಾಮ್ರದ ರೆಡಾಕ್ಸ್ ಜೋಡಿ ಈಗ ಅಯೋಡಿನ್ನಿನ ಜಾಗ ಹಿಡಿಯುತ್ತಿದೆ. ಅಂಥ ಕೋಶವೊಂದು 1000 ಲಕ್ಸ್ ಒಳಾಂಗಣ ಬೆಳಕಿನಲ್ಲಿ ಶೇ. 28.9 ದಕ್ಷತೆ ಮುಟ್ಟಿದ ವರದಿ 2017ರಲ್ಲಿ ಬಂತು. ಅಲ್ಲಿನ ಲಿಗ್ಯಾಂಡಿನಲ್ಲೂ ಸಾರಜನಕದ ಮಗ್ಗುಲಲ್ಲೇ ಮೀಥೈಲ್. ತೊಡಕೂ ಅಲ್ಲೇ ಇದೆ: ತಾಮ್ರ(1)ನ್ನು ಭದ್ರಪಡಿಸುವ ಲಿಗ್ಯಾಂಡ್ ತಾಮ್ರ(2)ನ್ನು ಸಡಿಲವಾಗಿ ಹಿಡಿಯುತ್ತದೆ, ವೋಲ್ಟೇಜು ಹೆಚ್ಚಿಸಲೆಂದು ಬೆರೆಸುವ ಟರ್ಷಿಯರಿ ಬ್ಯುಟೈಲ್ ಪಿರಿಡಿನ್ ಆ ಜಾಗಕ್ಕೆ ನುಗ್ಗಬಲ್ಲದು.