ಹೆಸರು ಒಂದೇ, ಕಾರ್ಡು ಬೇರೆ: ‘60’ರ ಸಾಲಿನ ಗ್ರಾಫಿಕ್ಸ್ ಕಾರ್ಡುಗಳ ಕುರಿತು ಒಂದು ಟಿಪ್ಪಣಿ

ಎನ್‌ವಿಡಿಯಾದ ಗೇಮಿಂಗ್ ಕಾರ್ಡುಗಳಲ್ಲಿ ಮಾದರಿ ಸಂಖ್ಯೆ 60ಕ್ಕೆ ಮುಗಿದರೆ ಅದು ಮಧ್ಯಮ ದರ್ಜೆಯದು ಎಂಬುದು ಕೊಳ್ಳುವವರಿಗೂ ಮಾರುವವರಿಗೂ ರೂಢಿಯಾದ ಲೆಕ್ಕ. 2016ರ ಜಿಟಿಎಕ್ಸ್ 1060ರಿಂದ 2025ರ ಆರ್‌ಟಿಎಕ್ಸ್ 5060ರವರೆಗೆ ಇಂಥ ಐದು ತಲೆಮಾರು ಬಂದಿವೆ. ಐದನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ಅಂಕಿ ಕದಲಿಲ್ಲ, ಒಳಗಿನ ಸರಕು ಮಾತ್ರ ಏರುತ್ತಾ ಇಳಿಯುತ್ತಾ ಬಂದಿದೆ. ಹಳೆಯ ಕಂಪ್ಯೂಟರಿಗೆ ಹೊಸ ಕಾರ್ಡು ಹಾಕಿಸುವವರು ಆಟದ ವೇಗದ ಪಟ್ಟಿಗೆ ಕಣ್ಣು ಹಾಯಿಸುವ ಮೊದಲು ಕಾರ್ಡಿನ ಮೆಮೊರಿಯನ್ನೂ ಅದು ಮದರ್‌ಬೋರ್ಡಿಗೆ ಎಷ್ಟು ಲೇನುಗಳಲ್ಲಿ ಸೇರುತ್ತದೆ ಎಂಬುದನ್ನೂ ನೋಡಬೇಕು, ಅದೂ ಜೊತೆಜೊತೆಯಾಗಿ ನೋಡಬೇಕು ಎಂಬುದು ಇಲ್ಲಿನ ವಾದ.

ಮೆಮೊರಿಯಿಂದ ಶುರುಮಾಡೋಣ. 1060 ಮತ್ತು 2060ರಲ್ಲಿ 6 ಜಿಬಿ ಇತ್ತು. 2021ರ 3060ರಲ್ಲಿ ಅದು 12 ಜಿಬಿಗೆ ಏರಿತು. 2023ರ 4060ರಲ್ಲಿ 8ಕ್ಕೆ ಇಳಿಯಿತು. 5060ರಲ್ಲೂ ಅಷ್ಟೇ ಇದೆ. ಮೆಮೊರಿ ಬಸ್ಸಿನ ಅಗಲ ಮೊದಲ ಮೂರರಲ್ಲಿ 192 ಬಿಟ್, ಕೊನೆಯ ಎರಡರಲ್ಲಿ 128. ಪರಿಣಾಮವಾಗಿ, 3060ರ ಮೆಮೊರಿ ಸೆಕೆಂಡಿಗೆ 360 ಜಿಬಿ ಸಾಗಿಸುತ್ತಿದ್ದರೆ ಅದರ ಉತ್ತರಾಧಿಕಾರಿ ಸಾಗಿಸುವುದು 272 ಮಾತ್ರ.

ಇದನ್ನು ನೇರವಾಗಿ ಅವನತಿ ಎಂದುಬಿಡುವುದು ಆತುರದ ತೀರ್ಪಾದೀತು. 4060ರ ಚಿಪ್ಪಿನಲ್ಲಿ ಎಲ್2 ಕ್ಯಾಶೆ 3 ಎಂಬಿಯಿಂದ 24 ಎಂಬಿಗೆ ಬೆಳೆದಿದೆ; ಪದೇ ಪದೇ ಬೇಕಾಗುವ ದತ್ತಾಂಶ ಚಿಪ್ಪಿನೊಳಗೇ ಸಿಗುವುದರಿಂದ ಮೆಮೊರಿಯವರೆಗೆ ಹೋಗುವ ಪ್ರಸಂಗವೇ ಕಡಿಮೆ. ವಿದ್ಯುತ್ ಬಳಕೆ 170 ವ್ಯಾಟಿನಿಂದ 115ಕ್ಕೆ ಇಳಿದಿದೆ. 1080ಪಿ ಪರದೆಯಲ್ಲಿ, ಆಟ 8 ಜಿಬಿಯೊಳಗೆ ಹಿಡಿಯುವಷ್ಟು ಕಾಲ, 4060 ಸಾಮಾನ್ಯವಾಗಿ 3060ಕ್ಕಿಂತ ಮುಂದೆಯೇ ಇರುತ್ತದೆ. ತೊಡಕು ಇರುವುದು ಆ ‘ಹಿಡಿಯುವಷ್ಟು ಕಾಲ’ ಎಂಬ ಷರತ್ತಿನಲ್ಲಿ.

ಹಸ್ತಪ್ರತಿಗಳಲ್ಲಿರುವಂತೆ ಇಲ್ಲಿಯೂ ಪಾಠಾಂತರಗಳಿವೆ. 3 ಜಿಬಿಯ 1060ರಲ್ಲಿ ಕಡಿಮೆಯಾದದ್ದು ಮೆಮೊರಿಯೊಂದೇ ಅಲ್ಲ. ಕೋರುಗಳೂ 1280ರಿಂದ 1152ಕ್ಕೆ ಇಳಿದಿದ್ದವು, ಹೆಸರು ಮಾತ್ರ ಹಾಗೇ ಉಳಿಯಿತು. 2022ರಲ್ಲಿ 3060ಕ್ಕೂ 8 ಜಿಬಿಯ ಒಂದು ರೂಪ ಬಂತು. ಅದರ ಬಸ್ 128 ಬಿಟ್, ಸಾಗಣೆ ಸೆಕೆಂಡಿಗೆ 240 ಜಿಬಿ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಬರೀ ‘3060’ ಎಂದು ಕೇಳುವುದು ಇದರಿಂದಾಗಿಯೇ ಅಪಾಯ. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ವಿಚಾರಿಸುವವರು ಹೆಸರಿನ ಜೊತೆ ಜಿಬಿಯನ್ನೂ ಹೇಳಿ ಕೇಳಬೇಕು, ಬಿಲ್ಲಿನಲ್ಲಿ ಅದನ್ನೇ ಬರೆಸಿಕೊಳ್ಳಬೇಕು.

ಈಗ ಲೇನುಗಳು, ಅಂದರೆ ಕಾರ್ಡಿಗೂ ಮದರ್‌ಬೋರ್ಡಿಗೂ ನಡುವೆ ದತ್ತಾಂಶ ಸಾಗುವ ದಾರಿಗಳು. 3060ರವರೆಗಿನ ಕಾರ್ಡುಗಳು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ 16 ಲೇನುಗಳನ್ನೂ ಬಳಸುತ್ತಿದ್ದವು. 4060 ಮತ್ತು 5060 ಬಳಸುವುದು 8 ಮಾತ್ರ. ಎಎಮ್‌ಡಿಯ ಆರ್‌ಎಕ್ಸ್ 6600, 7600, ಇಂಟೆಲ್‌ನ ಆರ್ಕ್ ಬಿ580 ಕೂಡ ಹೀಗೆಯೇ. ಕಾರ್ಡಿನ ಅಂಚು ಸಾಮಾನ್ಯವಾಗಿ ಪೂರ್ತಿ ಉದ್ದವೇ ಇರುವುದರಿಂದ ಹೊರನೋಟಕ್ಕೆ ಇದು ಸುಲಭವಾಗಿ ತಿಳಿಯುವುದಿಲ್ಲ. ಹೊಸ ಬೋರ್ಡುಗಳಲ್ಲಿ ಇದರಿಂದ ನಷ್ಟವಿಲ್ಲ, ಏಕೆಂದರೆ 4.0 ಆವೃತ್ತಿಯ 8 ಲೇನುಗಳು 3.0ರ 16 ಲೇನುಗಳಿಗೆ ಸಮ: ಸೆಕೆಂಡಿಗೆ ಸುಮಾರು 16 ಜಿಬಿ. ಆದರೆ 3.0 ಬೋರ್ಡಿನಲ್ಲಿ ಅದೇ ಕಾರ್ಡಿಗೆ ಸಿಗುವುದು ಸುಮಾರು 8.

ಮೆಮೊರಿಯೂ ಲೇನೂ ಪರಸ್ಪರ ತಾಗುವುದು ಇಲ್ಲಿಯೇ. ಆಟದ ಟೆಕ್ಸ್‌ಚರುಗಳು 8 ಜಿಬಿಯೊಳಗಿದ್ದರೆ ಸ್ಲಾಟಿನ ಮೇಲೆ ಹೆಚ್ಚು ಹೊರೆ ಬೀಳುವುದಿಲ್ಲ. ಮೀರಿದರೆ ಉಳಿದದ್ದು ಕಂಪ್ಯೂಟರಿನ ರ್ಯಾಮಿಗೆ ಹೋಗಿ ಕೂರುತ್ತದೆ, ಬೇಕಾದಾಗಲೆಲ್ಲ ಸ್ಲಾಟಿನ ಮೂಲಕ ಬರಬೇಕಾಗುತ್ತದೆ. ದಾರಿ ಅರ್ಧವಾಗಿದ್ದರೆ ಆಟ ತಡವರಿಸುತ್ತದೆ. ಸರಾಸರಿ ಫ್ರೇಮುಗಳ ಸಂಖ್ಯೆ ಚೆನ್ನಾಗಿಯೇ ಇದ್ದು, ನಡುನಡುವೆ ಜಗ್ಗಿದಂತಾಗುತ್ತದೆ. ಇದಕ್ಕೆ ಅತ್ಯಂತ ಸ್ಪಷ್ಟ ಸಾಕ್ಷಿ ಮಧ್ಯಮ ದರ್ಜೆಗಿಂತ ಕೆಳಗಿನ ಒಂದು ಕಾರ್ಡು, 2022ರ ಆರ್‌ಎಕ್ಸ್ 6500 ಎಕ್ಸ್‌ಟಿ. 4 ಜಿಬಿ, 4 ಲೇನು. 3.0 ಬೋರ್ಡಿನಲ್ಲಿ ಅದರ ವೇಗ ಕುಸಿದದ್ದನ್ನು ಆಗಿನ ಪರೀಕ್ಷೆಗಳು ಎತ್ತಿ ತೋರಿಸಿದವು.

ಬೋರ್ಡು ಹೊಸದಾದರೆ ಸಾಕೇ? ಸಾಲದು. ಬಿ550 ಬೋರ್ಡು 4.0 ಕೊಡಬಲ್ಲದು, ಆದರೆ ಅದರಲ್ಲಿ ಕೂತಿರುವ ಪ್ರೊಸೆಸರ್ ರೈಜ಼ನ್ 5600ಜಿ ಆಗಿದ್ದರೆ ಸ್ಲಾಟು 3.0ರಲ್ಲೇ ನಡೆಯುತ್ತದೆ, ಏಕೆಂದರೆ ಆ ಲೇನುಗಳು ಬರುವುದು ಪ್ರೊಸೆಸರಿನಿಂದ. ಸದ್ಯಕ್ಕೆ ಒಳಗಿನ ಗ್ರಾಫಿಕ್ಸ್‌ನಲ್ಲೇ ಆಡೋಣ, ಕಾರ್ಡು ಮುಂದೆ ನೋಡೋಣ ಎಂದು 5600ಜಿ ಕೊಂಡವರು ಇದನ್ನು ಗಮನದಲ್ಲಿಡಬೇಕು. ಇಂಥವರಿಗೂ 3.0ಕ್ಕೇ ಸೀಮಿತವಾದ ಬಿ450 ಬೋರ್ಡಿನವರಿಗೂ ನನ್ನ ಒಲವು 16 ಲೇನುಗಳಿರುವ ಕಾರ್ಡಿನ ಕಡೆಗೆ: 2025ರ ಆರ್‌ಎಕ್ಸ್ 9060 ಎಕ್ಸ್‌ಟಿ, ಅದರಲ್ಲೂ 16 ಜಿಬಿಯದು, ಹಣ ಸಾಲದಿದ್ದರೆ 12 ಜಿಬಿಯ ಹಳೆಯ 3060. ಬಿ580ರಲ್ಲಿ 12 ಜಿಬಿ ಇರುವುದು ನಿಜ, ಆದರೆ ಅದು ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರಿಗೆ ಒಟ್ಟಿಗೆ ತೆರೆದಿಡುವ ರೀಸೈಜ಼ಬಲ್ ಬಾರ್ ಸೌಲಭ್ಯವನ್ನು ನೆಚ್ಚಿಕೊಂಡ ಕಾರ್ಡು. ಬಯಾಸ್‌ನಲ್ಲಿ ಆ ಆಯ್ಕೆಯೇ ಇಲ್ಲದ ಹಳೆಯ ಯಂತ್ರಗಳಿಗೆ ಅದನ್ನು ಶಿಫಾರಸು ಮಾಡಲಾರೆ.

ಜೋಡಣೆಯಲ್ಲಿ ಕಷ್ಟದ್ದೇನೂ ಇಲ್ಲ. ಕರೆಂಟ್ ತೆಗೆದು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಚಾರ್ಜ್ ಖಾಲಿ ಮಾಡಿ, ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ ಕೆಲಸ ಶುರುಮಾಡಬೇಕು. ಕಾರ್ಡು ಹೋಗಬೇಕಾದ್ದು ಪ್ರೊಸೆಸರಿಗೆ ಹತ್ತಿರದ ಮೇಲಿನ ಸ್ಲಾಟಿಗೆ. ಕೆಳಗಿನದು ಅಷ್ಟೇ ಉದ್ದವಿದ್ದರೂ ಅನೇಕ ಬೋರ್ಡುಗಳಲ್ಲಿ ಅದಕ್ಕಿರುವುದು 4 ಲೇನು. ಸ್ಲಾಟಿನ ತುದಿಯ ಕೊಂಡಿ ಟಕ್ಕೆಂದ ಮೇಲೆಯೇ ತಿರುಪು ಹಾಕಬೇಕು.

ಎಚ್ಚರ ಬೇಕಾದ್ದು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆಯ ವಿಷಯದಲ್ಲಿ. ಸ್ಲಾಟು ಕೊಡಬಲ್ಲದ್ದು 75 ವ್ಯಾಟ್, 8 ಪಿನ್ನಿನ ಕೇಬಲ್ 150. ಆದ್ದರಿಂದ 115 ವ್ಯಾಟಿನ ಕಾರ್ಡಿಗೆ ಒಂದೇ ಕೇಬಲ್ ಧಾರಾಳವಾಯಿತು. ಆದರೆ ಬಿಡಿಸಿ ಜೋಡಿಸುವ ಬಗೆಯ ಎಸ್‌ಎಂಪಿಎಸ್ ಇದ್ದರೆ ಅದರ ಜೊತೆ ಬಂದ ಕೇಬಲ್ಲನ್ನೇ ಬಳಸಬೇಕು. ಕಾರ್ಡಿನ ಕಡೆಯ ಪಿನ್ನುಗಳ ಕ್ರಮ ಎಲ್ಲರಿಗೂ ಒಂದೇ. ಎಸ್‌ಎಂಪಿಎಸ್ ಕಡೆಯದು ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಮಾದರಿಯಿಂದ ಮಾದರಿಗೆ ಬೇರೆ. ಪಕ್ಕದ ಮನೆಯಿಂದ ತಂದ ಕೇಬಲ್ ಸಲೀಸಾಗಿ ಕೂರಬಹುದು, ತಪ್ಪು ಪಿನ್ನಿಗೆ 12 ವೋಲ್ಟ್ ಹರಿಸಿ ಕಾರ್ಡನ್ನು ಸುಡಲೂಬಹುದು.

ಮಾನಿಟರಿನ ಕೇಬಲ್ ಮದರ್‌ಬೋರ್ಡಿನಲ್ಲಲ್ಲ, ಕಾರ್ಡಿನಲ್ಲಿ ಚುಚ್ಚಬೇಕು. ಡ್ರೈವರ್ ಹಾಕಿದ ಮೇಲೆ ಜಿಪಿಯು-ಜ಼ೆಡ್ ತಂತ್ರಾಂಶ ತೆರೆದು ‘ಬಸ್ ಇಂಟರ್‌ಫೇಸ್’ ಎಂಬ ಸಾಲನ್ನು ನೋಡಿದರೆ ಎಷ್ಟು ಲೇನು, ಯಾವ ಆವೃತ್ತಿ ಎಂಬುದು ಸಿಗುತ್ತದೆ. ಅಲ್ಲಿ 1.1 ಎಂದು ಕಂಡರೆ ಗಾಬರಿಯಾಗಬೇಕಿಲ್ಲ: ಕೆಲಸವಿಲ್ಲದಾಗ ಕಾರ್ಡು ವಿದ್ಯುತ್ ಉಳಿಸಲು ತಾನೇ ಇಳಿದಿರುತ್ತದೆ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಅಲ್ಲಿನ ರೆಂಡರ್ ಪರೀಕ್ಷೆ ಓಡಿಸಿದಾಗ ಬರುವ ಅಂಕಿಯನ್ನೇ ದಾಖಲೆಯಾಗಿ ಹಿಡಿಯಬೇಕು. 8 ಲೇನಿನ ಕಾರ್ಡಿಗೆ ಆಗಲೂ 4 ಎಂದು ಬಂದರೆ ಕಾರ್ಡು ತಪ್ಪು ಸ್ಲಾಟಿನಲ್ಲಿದೆ, ಇಲ್ಲವೇ ಸರಿಯಾಗಿ ಕೂತಿಲ್ಲ.