ಶಾಂಪೂ ಶಬ್ದದ ಪೂರ್ವೋತ್ತರ

ಪಾಠಶಾಲೆಯ ಸಂಪ್ರದಾಯದಲ್ಲಿ ಬೆಳೆದವರಿಗೆ ಶಬ್ದಗಳ ವಿಷಯದಲ್ಲಿ ಒಂದು ಬಗೆಯ ಮಡಿ ಇರುವುದು ಸಹಜ. ನಾನೂ ಆ ಮಡಿಯನ್ನು ಬಹುಕಾಲ ಕಾಪಾಡಿಕೊಂಡು ಬಂದವನೇ. ಉಪಾಧ್ಯಾಯನಾಗಿದ್ದಾಗ ಒಮ್ಮೆ ಹುಡುಗಿಯೊಬ್ಬಳು ದೀಪಾವಳಿಯನ್ನು ಕುರಿತ ಪ್ರಬಂಧದಲ್ಲಿ, ನರಕಚತುರ್ದಶಿಯ ಬೆಳಗಿನ ಜಾವ ಅಜ್ಜಿಯು ತನ್ನ ತಲೆಗೆ ಎಣ್ಣೆಯೊತ್ತಿ, ಬಳಿಕ ಶಾಂಪೂ ಹಾಕಿ ನೀರೆರೆದಳೆಂದು ಬರೆದಿದ್ದಳು. ನಾನು ಆ ಶಬ್ದವನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ, ಪಕ್ಕದಲ್ಲಿ ‘ಮ್ಲೇಚ್ಛಶಬ್ದ, ಸೀಗೆಪುಡಿ ಎನ್ನತಕ್ಕದ್ದು’ ಎಂದು ಬರೆದು, ಒಂದು ಅಂಕವನ್ನೂ ಕಳೆದೆನು. “ನಮ್ಮ ಮನೆಯಲ್ಲಿ ಹಾಕಿದ್ದು ಸೀಗೆಪುಡಿಯಲ್ಲ, ಮೇಷ್ಟರೇ” ಎಂದು ಅವಳು ಮೆಲ್ಲನೆ ಹೇಳಿದಳು. ನಾನು ಉತ್ತರ ಕೊಡಲಿಲ್ಲ. ಈಗ ನಿವೃತ್ತಿಯ ವಿರಾಮದಲ್ಲಿ ಆ ಶಬ್ದದ ಕುಲಗೋತ್ರಗಳನ್ನು ವಿಚಾರಿಸಿ ನೋಡಲಾಗಿ, ತಪ್ಪಿದವಳು ಅವಳಲ್ಲ, ನಾನೇ ಎಂದು ತಿಳಿಯಿತು. ಆ ವಿಚಾರವನ್ನೇ ವಾಚಕರ ಮುಂದೆ ಇಡುತ್ತಿದ್ದೇನೆ.

ಇಂದಿನ ಇಂಗ್ಲಿಷಿನಲ್ಲಿ ಶಾಂಪೂ ಎಂಬುದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ತಲೆಗೂದಲನ್ನು ತೊಳೆಯುವ ನೊರೆದ್ರವ್ಯ ಶಾಂಪೂ. ಅದರಿಂದ ತೊಳೆಯುವುದೂ ಶಾಂಪೂ. ಅಲ್ಲಿಂದ ಅರ್ಥವು ಹರಡಿ, ಸಾಕುನಾಯಿಯನ್ನು ಮೀಯಿಸುವುದಕ್ಕೂ, ರತ್ನಗಂಬಳಿಯ ಕೊಳೆ ತೆಗೆಯುವುದಕ್ಕೂ, ಮೋಟಾರುಗಾಡಿಯನ್ನು ತೊಳೆಯುವುದಕ್ಕೂ ಅದೇ ಮಾತು ಸಲ್ಲುತ್ತದೆ. ಆದರೆ 1762ರಲ್ಲಿ ಈ ಕ್ರಿಯಾಪದವು ಇಂಗ್ಲಿಷ್ ಬರವಣಿಗೆಯಲ್ಲಿ ಮೊದಲು ಕಾಣಿಸಿಕೊಂಡಾಗ ಅದಕ್ಕೆ ತೊಳೆಯುವುದೆಂಬ ಅರ್ಥವೇ ಇರಲಿಲ್ಲ. ಮೈಯನ್ನು ಒತ್ತುವುದು, ನೀವುವುದು, ಕೀಲುಗಳನ್ನು ಸಡಿಲಿಸುವುದು, ಇಷ್ಟೇ ಅದರ ಅರ್ಥ.

ಇದರ ಮೂಲ ಹಿಂದಿಯ ‘ಚಾಂಪನಾ’ ಎಂಬ ಧಾತು. ಒತ್ತು ಎಂದು ಅರ್ಥ. ‘ಚಾಂಪೋ’ ಎಂದರೆ ಅದರ ಆಜ್ಞಾರ್ಥ, ‘ಒತ್ತು!’ ಎಂದಂತೆ. ನಮ್ಮ ದೇಶದ ಸುಖವನ್ನು ಕಂಡ ದೊರೆಗಳು ಸೇವಕನಿಗೆ ಹೇಳುವ ಆಜ್ಞೆಯನ್ನೇ ಆ ಕ್ರಿಯೆಯ ಹೆಸರೆಂದು ಭಾವಿಸಿ ತಮ್ಮ ನಾಡಿಗೆ ಕೊಂಡೊಯ್ದರು. ಚಕಾರವು ಶಕಾರವಾಯಿತು. ಇಂದಿಗೂ ಉತ್ತರದೇಶದಲ್ಲಿ ತಲೆಯೊತ್ತುವುದನ್ನು ‘ಚಂಪಿ’ ಎನ್ನುತ್ತಾರಷ್ಟೆ. ಧ್ವನಿಸಾಮ್ಯದಿಂದ ಪಂಪರನ್ನರ ಚಂಪೂವಿಗೂ ಇದಕ್ಕೂ ನಂಟು ಕಟ್ಟುವುದು ಮಾತ್ರ ವಿನೋದಕ್ಕೆ ಸರಿ, ಶಾಸ್ತ್ರಕ್ಕೆ ಒಪ್ಪತಕ್ಕದ್ದಲ್ಲ.

ಹೆಸರು ಹಿಂದಿಯದಾದರೂ ವಿದ್ಯೆಯು ಪ್ರಾಚೀನವಾದದ್ದು. ಸಂಸ್ಕೃತದಲ್ಲಿ ಅದಕ್ಕೆ ಸಂವಾಹನವೆಂದು ಹೆಸರು. ವಾತ್ಸ್ಯಾಯನನು ಎಣಿಸಿರುವ 64 ಕಲೆಗಳಲ್ಲಿ ಉತ್ಸಾದನ, ಸಂವಾಹನ, ಕೇಶಮರ್ದನ ಈ ಮೂರರಲ್ಲಿನ ಕೌಶಲವೂ ಒಂದು. ಜಯಮಂಗಲಾ ವ್ಯಾಖ್ಯಾನವು ಇವುಗಳ ಭೇದವನ್ನು ಬಿಡಿಸಿ ಹೇಳುತ್ತದೆ: ಕಾಲಿನಿಂದ ತುಳಿದು ಮರ್ದಿಸುವುದು ಉತ್ಸಾದನ, ಕೈಗಳಿಂದ ತಲೆಗೆ ಮಾಡುವ ಅಭ್ಯಂಗಕರ್ಮವು ಕೇಶಮರ್ದನ, ಉಳಿದ ಅಂಗಗಳ ಮರ್ದನವು ಸಂವಾಹನ. ಇಂಗ್ಲಿಷ್ ಶಬ್ದವು ಮುಂದೆ ಮೈಯಿಂದ ತಲೆಗೆ ಏರಿದುದನ್ನು ನೋಡಿದರೆ, ನಮ್ಮ ಕಲಾಪಟ್ಟಿಯಲ್ಲಿ ಒಂದೇ ಎಡೆಯಲ್ಲಿ ಕುಳಿತಿದ್ದ ಎರಡು ಅರ್ಥಗಳನ್ನು ಅದು ಒಂದಾದ ಮೇಲೊಂದಾಗಿ ಧರಿಸಿತೆನ್ನಬಹುದು.

ಶೂದ್ರಕನ ಮೃಚ್ಛಕಟಿಕವನ್ನು ಓದಿದವರಿಗೆ ಸಂವಾಹಕನ ನೆನಪಿರಬಹುದು. ಪಾಟಲೀಪುತ್ರದಲ್ಲಿ ಗೃಹಸ್ಥನ ಮಗನಾಗಿ ಹುಟ್ಟಿ, ದೇಶ ನೋಡುವ ಆಸೆಯಿಂದ ಉಜ್ಜಯಿನಿಗೆ ಬಂದು, ಕಲೆಯೆಂದು ಕಲಿತ ವಿದ್ಯೆಯನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡವನು ಆತ. ಒಡೆಯನಾದ ಚಾರುದತ್ತನಿಗೆ ದಾರಿದ್ರ್ಯ ಬರಲು ಜೂಜಿಗಿಳಿದು, ಸಾಲಕ್ಕೆ ಸಿಕ್ಕಿ, ವಸಂತಸೇನೆಯ ಔದಾರ್ಯದಿಂದ ಬಿಡುಗಡೆ ಹೊಂದಿ ಭಿಕ್ಷುವಾದನು. ಮುಂದೆ ಆಕೆಯ ಪ್ರಾಣವನ್ನು ಉಳಿಸಿದವನೂ ಅವನೇ.

ಅದೇ ಪಾಟಲೀಪುತ್ರದಲ್ಲಿ, ಎಂದರೆ ಪಾಟ್ನಾದಲ್ಲಿ, 1759ರಲ್ಲಿ ಇನ್ನೊಬ್ಬನು ಹುಟ್ಟಿದನು. ಅವನ ಹೆಸರು ದೀನ್ ಮಹಮ್ಮದ್. ಬಾಲ್ಯದಲ್ಲಿಯೇ ಕುಂಪಣಿಯ ಬಂಗಾಳ ಸೇನೆಯನ್ನು ಸೇರಿ, ಬೇಕರ್ ಎಂಬ ಅಧಿಕಾರಿಯ ಆಶ್ರಯದಲ್ಲಿ ಬೆಳೆದು, 1784ರಲ್ಲಿ ಅವನೊಡನೆ ಐರ್ಲೆಂಡಿನ ಕಾರ್ಕ್ ನಗರಕ್ಕೆ ಹೋದನು. ಅಲ್ಲಿಯ ಕನ್ಯೆಯೊಬ್ಬಳನ್ನು ವರಿಸಿ ನೆಲೆನಿಂತು, 1794ರಲ್ಲಿ ತನ್ನ ಪ್ರವಾಸಗಳ ವೃತ್ತಾಂತವನ್ನು ಪತ್ರರೂಪವಾಗಿ ಪ್ರಕಟಿಸಿದನು. ಭಾರತೀಯನೊಬ್ಬನು ಇಂಗ್ಲಿಷಿನಲ್ಲಿ ಬರೆದು ಅಚ್ಚು ಮಾಡಿಸಿದ ಮೊದಲನೆಯ ಪುಸ್ತಕವೆಂದು ಅದಕ್ಕೆ ಪ್ರಸಿದ್ಧಿಯುಂಟು. ಆಮೇಲೆ ಲಂಡನಿಗೆ ಹೋಗಿ, 1810ರಲ್ಲಿ ‘ಹಿಂದೂಸ್ತಾನೀ ಕಾಫಿಮನೆ’ಯೊಂದನ್ನು ತೆರೆದನು. ಹುಕ್ಕವೂ ನಮ್ಮ ದೇಶದ ಭೋಜನವೂ ಅಲ್ಲಿ ದೊರೆಯುತ್ತಿದ್ದುವು. ಆದರೆ 1812ರಲ್ಲಿ ದಿವಾಳಿಯಾಯಿತು.

ಐವತ್ತನ್ನು ದಾಟಿದ ವಯಸ್ಸು, ಪರದೇಶ, ಸಂಸಾರದ ಭಾರ. ಇಂಥ ಸ್ಥಿತಿಯಲ್ಲಿ ಅವನಿಗೆ ಉಳಿದಿದ್ದ ಬಂಡವಾಳ ಕೈಗಳೆರಡೇ. ಅವನು ಸಮುದ್ರತೀರದ ಬ್ರೈಟನ್ ಪಟ್ಟಣಕ್ಕೆ ಹೋಗಿ, ಮೂಲಿಕೆಗಳ ಹಬೆಸ್ನಾನವನ್ನೂ ಶಾಂಪೂ ವಿದ್ಯೆಯನ್ನೂ ವೃತ್ತಿಯಾಗಿ ಹಿಡಿದನು. ರೋಗಿಯನ್ನು ಉಣ್ಣೆಬಟ್ಟೆಯ ಗುಡಾರದೊಳಗೆ ಕುಳ್ಳಿರಿಸಿ ಹಬೆ ಹಾಯಿಸುವುದು. ಗುಡಾರಕ್ಕೆ ಅಂಗಿಯ ತೋಳುಗಳಂತೆ ಹೊಲಿದಿದ್ದ ಚೀಲಗಳಲ್ಲಿ ಹೊರಗಿನಿಂದ ಕೈತೂರಿಸಿ ಮೈಯೊತ್ತುವುದು. ಇದು ಅವನ ಕ್ರಮ. ವಾತ, ಕೀಲುನೋವುಗಳಿಂದ ಬಳಲಿದ ಶ್ರೀಮಂತರು ಗುಂಪುಗೂಡಿದರು. ಗುಣಹೊಂದಿದವರು ಬಿಟ್ಟುಹೋದ ಊರುಗೋಲುಗಳನ್ನು ಸ್ನಾನಗೃಹದಲ್ಲಿ ತೂಗಹಾಕಿದ್ದನಂತೆ. 1822ರಲ್ಲಿ ಶಾಂಪೂವನ್ನು ಕುರಿತೇ ಒಂದು ಗ್ರಂಥವನ್ನು ಬರೆದನು. ನಾಲ್ಕನೆಯ ಜಾರ್ಜ್, ನಾಲ್ಕನೆಯ ವಿಲಿಯಂ ಎಂಬ ಇಬ್ಬರು ದೊರೆಗಳಿಗೆ ‘ಶಾಂಪೂ ವೈದ್ಯ’ನೆಂಬ ಪದವಿಯನ್ನು ಪಡೆದನು. ಆದರೆ ಕೊನೆಗಾಲದಲ್ಲಿ ಆ ಸ್ನಾನಗೃಹವು ಕೈಬಿಟ್ಟಿತು. 1851ರಲ್ಲಿ ಬ್ರೈಟನ್ನಿನಲ್ಲಿಯೇ ತೀರಿಕೊಂಡನು. ಅವನ ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮ್ಮದನು ಲಂಡನಿನಲ್ಲಿ ವೈದ್ಯನಾಗಿ, ರಕ್ತದೊತ್ತಡದ ಸಂಶೋಧನೆಯಲ್ಲಿ ಹೆಸರಾದನು. ಅಜ್ಜನು ಮೈಯನ್ನು ಒತ್ತಿದನು. ಮೊಮ್ಮಗನು ರಕ್ತದ ಒತ್ತನ್ನು ಅಳೆದನು.

ದೀನ್ ಮಹಮ್ಮದನು ಹೋದ ಹತ್ತೇ ವರ್ಷಗಳೊಳಗೆ ಶಬ್ದವೂ ಅವನನ್ನು ಮರೆಯಿತು. 1860ರ ವೇಳೆಗೆ ಶಾಂಪೂ ಎಂದರೆ ಸಾಬೂನಿನ ನೊರೆ ಹಚ್ಚಿ ತಲೆಯನ್ನು ತಿಕ್ಕಿ ತೊಳೆಯುವುದೆಂಬ ಅರ್ಥ ರೂಢವಾಯಿತು. ಕ್ಷೌರಿಕನ ಬೆರಳುಗಳು ನೆತ್ತಿಯನ್ನು ಒತ್ತುತ್ತಿದ್ದುದರಿಂದ ಹಳೆಯ ಅರ್ಥದ ನೆರಳಾದರೂ ಉಳಿದಿತ್ತು. ಬಳಿಕ ಕ್ರಿಯೆಯ ಹೆಸರು ದ್ರವ್ಯಕ್ಕೆ ಸಂದಿತು. 1903ರಲ್ಲಿ ಬರ್ಲಿನ್ನಿನ ಹಾನ್ಸ್ ಶ್ವಾರ್ಟ್ಸ್‌ಕಾಫ್ ಎಂಬಾತನು ನೀರಿನಲ್ಲಿ ಕರಗುವ ಪುಡಿಯನ್ನು ಮಾರಾಟಕ್ಕಿಟ್ಟನು. ಗಡಸುನೀರಿನಲ್ಲಿ ಸಾಬೂನು ಕೂದಲ ಮೇಲೆ ಸುಣ್ಣದಂಥ ಜಿಡ್ಡನ್ನು ಉಳಿಸುವುದರಿಂದ, ಆ ದೋಷವಿಲ್ಲದ ಕೃತಕ ದ್ರವ್ಯಗಳು 1930ರ ದಶಕದಲ್ಲಿ ಬಂದುವು. ಈಗ ಒತ್ತುವ ಕೈ ಬೇಕಿಲ್ಲ, ಸೀಸೆಯೊಂದಿದ್ದರೆ ಸಾಕು.

ಹೀಗೆ ಒಡಲೆಲ್ಲ ಬದಲಾದ ಶಬ್ದವು ಸೀಸೆಯೊಳಗೆ ಕುಳಿತು ಸ್ವದೇಶಕ್ಕೆ ಮರಳಿತು. 1980ರ ದಶಕದಲ್ಲಿ ಚಿಕ್ಕ ಪೊಟ್ಟಣಗಳಲ್ಲಿ ತುಂಬಿ ಅಲ್ಪಬೆಲೆಗೆ ಮಾರುವ ಪದ್ಧತಿಯು ದಕ್ಷಿಣದಲ್ಲಿ ಹಬ್ಬಿದ ಮೇಲೆ, ಹಳ್ಳಿಯ ಅಂಗಡಿಗಳ ಮುಂದೆಯೂ ಅದು ತೋರಣದಂತೆ ತೂಗಹತ್ತಿತು. ನೊರೆಯ ವಿದ್ಯೆಯೂ ನಮಗೆ ಹೊಸದಲ್ಲ. ಸೀಗೆ, ಅಂಟುವಾಳಗಳಲ್ಲಿ ನೊರೆಗಟ್ಟುವ ಸತ್ತ್ವವುಂಟು. ಅಂಟುವಾಳಕ್ಕೆ ಸಂಸ್ಕೃತದಲ್ಲಿ ಫೇನಿಲವೆಂಬ ಹೆಸರಿದೆ, ಫೇನವೆಂದರೆ ನೊರೆಯೇ. ಸಸ್ಯಶಾಸ್ತ್ರಜ್ಞರು ಅದರ ಕುಲಕ್ಕಿಟ್ಟ ಸಾಪಿಂಡಸ್ ಎಂಬ ಹೆಸರಿಗೂ ಲ್ಯಾಟಿನ್ ಭಾಷೆಯಲ್ಲಿ ಭಾರತದ ಸಾಬೂನು ಎಂದೇ ಅರ್ಥ.

ಶಬ್ದವು ನಮ್ಮದೆಂದ ಮಾತ್ರಕ್ಕೆ ಸೀಸೆಯ ವಸ್ತುವೂ ನಮ್ಮದಾಗುವುದಿಲ್ಲ. ಸೀಗೆಯ ಮೇಲಿನ ನನ್ನ ಪಕ್ಷಪಾತವೂ ಹೋಗಿಲ್ಲ. ಆದರೆ ನೂರಾರು ವರ್ಷ ಪರದೇಶದಲ್ಲಿದ್ದು ವೇಷ ಬದಲಿಸಿಕೊಂಡು ಬಾಗಿಲಿಗೆ ಬಂದ ಮನೆಮಗನನ್ನು ಗುರುತಿಸದೆ ಹೊರಗೆ ನಿಲ್ಲಿಸಿದವನು ನಾನು. ಇನ್ನೂ ಒಂದು ಸಂಗತಿಯನ್ನು ಅಂದು ನಾನು ಕಾಣಲಿಲ್ಲ. ಆ ಹುಡುಗಿಯ ಒಂದೇ ವಾಕ್ಯದಲ್ಲಿ ಶಬ್ದದ ಆದಿಯೂ ಅಂತ್ಯವೂ ಇದ್ದುವು. ಸೀಸೆಯಿಂದ ಸುರಿದದ್ದು ಈಚಿನ ಶಾಂಪೂ; ಅದಕ್ಕೆ ಮೊದಲು ಅಜ್ಜಿಯ ಬೆರಳುಗಳು ಮೊಮ್ಮಗಳ ನೆತ್ತಿಗೆ ಎಣ್ಣೆಯೊತ್ತಿದವಲ್ಲ, ಅದೇ ಮೂಲದ ಶಾಂಪೂ. ಸೀಸೆಯು ಹಿಂದಿರುಗಿ ಬಂದಿದೆ. ಒತ್ತುವ ಕೈಗಳನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ನಮಗೆ ಸೇರಿದ್ದು. ಅಂದು ಕಳೆದ ಅಂಕವನ್ನು ಹಿಂದಕ್ಕೆ ಕೊಡುವ ಉಪಾಯ ಈಗ ನನಗಿಲ್ಲ. ಈ ಲೇಖನವು ಎಲ್ಲಿಯಾದರೂ ಅವಳ ಕಣ್ಣಿಗೆ ಬಿದ್ದರೆ, ಅದನ್ನು ಸಂದಾಯವಾಯಿತೆಂದು ತಿಳಿಯಲಿ.