ಸ್ಪೇಯಿನ್ ದೇಶದಲ್ಲಿ ಬೈಸಿಕಲ್ ಯಾತ್ರೆ

ಸ್ಟಾರ್ಲಿಯು 1885ರಲ್ಲಿ ಹೆಚ್ಚುಕಡಮೆ ಸಮಗಾತ್ರದ ಎರಡು ಗಾಲಿಗಳ ಬೈಸಿಕಲ್ಲನ್ನೂ, ಡನ್‌ಲಪ್ಪನು 1888ರಲ್ಲಿ ಗಾಳಿ ತುಂಬಿದ ಟೈರನ್ನೂ ಬಳಕೆಗೆ ತಂದ ಮೇಲೆ, ರೈಲು ಮುಟ್ಟದ ಹಳ್ಳಿಗಳೂ ಪ್ರವಾಸಿಗಳಿಗೆ ಸುಗಮವಾದುವು. 1895ರಲ್ಲಿ ಅಮೆರಿಕದ ವೈದ್ಯ ವಿಲಿಯಂ ಹಂಟರ್ ವರ್ಕ್‌ಮನ್ನನೂ ಆತನ ಪತ್ನಿ ಫ್ಯಾನಿಯೂ ಸ್ಪೇಯಿನಿನಲ್ಲಿ ಸುಮಾರು 2,800 ಮೈಲಿ ಬೈಸಿಕಲ್ಲಿನ ಮೇಲೆಯೇ ಸಂಚರಿಸಿದರು. ದಿನಕ್ಕೆ ಸರಾಸರಿ 45 ಮೈಲಿ ಪಯಣ. ಒಬ್ಬೊಬ್ಬರಿಗೆ 20 ಪೌಂಡು ಸಾಮಾನು. ಅವರ ಪ್ರವಾಸಗ್ರಂಥವು 1897ರಲ್ಲಿ ಪ್ರಕಟವಾಯಿತು.

ಸೆಗೋವಿಯದ ರೋಮನ್ ಮೇಲ್ಗಾಲುವೆ, ಕಾರ್ಡೋವದ ಮಸೀದಿ, 1492ರಲ್ಲಿ ಮೂರ್ ಅರಸರ ಕೈತಪ್ಪಿದ ಗ್ರನಾಡದ ಅಲ್‌ಹಂಬ್ರ ಅರಮನೆ, ಇವು ಆ ನಾಡಿನ ಗತವೈಭವಕ್ಕೆ ಸಾಕ್ಷಿಗಳು. ಹೊಲಗಳ ಸ್ಥಿತಿಯು ಬೇರೆಯಾಗಿದ್ದಿತು. ಕಾಸ್ಟೀಲಿನಲ್ಲಿ ಗೋಧಿಯೂ ಆಂಡಲೂಸಿಯದಲ್ಲಿ ಆಲಿವ್ ಹಣ್ಣೂ ಬೆಳೆಯುತ್ತಿದ್ದುವು. ಆದರೆ ಆಂಡಲೂಸಿಯದ ನೆಲವು ಬಹುಮಟ್ಟಿಗೆ ದೊಡ್ಡ ಜಮೀನುದಾರರದು, ದುಡಿಮೆಯು ದಿನಗೂಲಿಯವರದು.

ಈ ದಂಪತಿಗಳು ಸಂಚರಿಸಿದ ವರ್ಷವೇ ಕ್ಯೂಬಾ ದ್ವೀಪವು ಸ್ಪೇಯಿನಿನ ಮೇಲೆ ದಂಗೆಯೆದ್ದಿತು. ಚೀಟಿಯೆತ್ತಿ ಸೈನ್ಯಕ್ಕೆ ಆರಿಸಲ್ಪಟ್ಟ ತರುಣನು 2,000 ಪೆಸೆಟಾ ತೆತ್ತರೆ ಸಾಗರೋತ್ತರ ಸೇವೆಯಿಂದ ಬಿಡುಗಡೆ ಹೊಂದಬಹುದಾಗಿದ್ದಿತು. ಕೂಲಿಯವನಿಗೆ ಅಷ್ಟು ಹಣ ಎಲ್ಲಿಯದು? ಉಳ್ಳವರ ಮಕ್ಕಳು ಮನೆಯಲ್ಲಿ ಉಳಿದರು. ಬಡವರ ಮಕ್ಕಳು ಹಡಗು ಹತ್ತಿದರು. ಅವರಲ್ಲಿ ಗುಂಡಿಗಿಂತ ಹಳದಿಜ್ವರವೇ ಮೊದಲಾದ ರೋಗಗಳಿಗೆ ಬಲಿಯಾದವರೇ ಹೆಚ್ಚು.

1898ರಲ್ಲಿ ಆ ಪ್ರವಾಸಿಗಳ ಸ್ವದೇಶವೇ ಸ್ಪೇಯಿನಿನ ಮೇಲೆ ಯುದ್ಧಕ್ಕಿಳಿಯಿತು. ಕ್ಯೂಬಾ, ಪೋರ್ಟೊರಿಕೊ, ಫಿಲಿಪೈನ್ಸ್ ಮೂರೂ ಸ್ಪೇಯಿನಿನ ಕೈಬಿಟ್ಟುವು. ಅಷ್ಟರಲ್ಲಿ ದಂಪತಿಗಳು ಭರತಖಂಡದ ದೇವಾಲಯಗಳನ್ನು ಅರಸುತ್ತ ಇಲ್ಲಿಗೆ ಬಂದಿದ್ದರು. ಹಣ ತೆತ್ತು ಸೈನ್ಯಸೇವೆಯನ್ನು ಪೂರ್ತಿಯಾಗಿ ತಪ್ಪಿಸಿಕೊಳ್ಳುವ ಪದ್ಧತಿಯು ಸ್ಪೇಯಿನಿನಲ್ಲಿ 1912ರಲ್ಲಿ ರದ್ದಾಯಿತು. ಆಗಲೂ ಹಣವುಳ್ಳವನ ಸೇವಾವಧಿಯು ಬಡವನದಕ್ಕಿಂತ ಕಡಮೆಯಾಗಿಯೇ ಉಳಿಯಿತು.